ಆಕಾಶ ನೋಡೋಕೂ ನೂಕುನುಗ್ಗಲು

ಮತ್ತೊಂದು ಕಲಾ ಗ್ಯಾಲರಿ ಆಕಾಶ ತೋರಿಸೋಕೆ ಚಾವಣಿಗೆ ತೂತು ಕೊರೆಸಿದೆಯಂತೆ. ಆಕಾಶ ನೋಡೋಕೆ ನೂಕುನುಗ್ಗಲು ಯಾಕೆ ಅಂತ ಗಾದೆ ಕಟ್ಟಿದವರಿಗೆ ಟಿಕೆಟ್ ಕೌಂಟರ್ ಗೊತ್ತಿರಲಿಲ್ಲ, ಪಾಪ. ತೂತು ಕೊರೆದರೆ ಕಲೆ, ಕೆಳಗೆ ಬೆಂಚು ಹಾಕಿದರೆ ಅನುಭವ, ಪಕ್ಕದಲ್ಲಿ ಫಲಕ ತೂಗುಹಾಕಿದರೆ ತತ್ವಶಾಸ್ತ್ರ. ಫಲಕದಲ್ಲಿ ಪುರಾತನ ಶಕುನಜ್ಞಾನದ ಜೊತೆ ಮರುಸಂವಾದ ಅನ್ನೋ ಧಾಟಿಯ ಮಾತು. ಓದಿದವರೆಲ್ಲ ಗಂಭೀರವಾಗಿ ತಲೆಯಾಡಿಸುತ್ತಾರೆ. ಅರ್ಥವಾಗಲಿಲ್ಲ ಅನ್ನೋ ಧೈರ್ಯ ಯಾರಿಗಿದೆ?

ಜಪಾನಿ ಕಲಾವಿದೆ ಯೋಕೋ ಓನೋ 1966ರಲ್ಲೇ ಹೊರಗೊಂದು ಕ್ಯಾಮೆರಾ ಇಟ್ಟು, ಒಳಗೆ ಟಿ.ವಿ.ಯಲ್ಲಿ ಆಕಾಶ ತೋರಿಸಿದ್ದರು. ಅದರಲ್ಲಿ ತುಂಟತನವಾದರೂ ಇತ್ತು. ಈಗಿನವರಿಗೆ ಮೋಡ ಸುಮ್ನೆ ಮೋಡವಾಗಿದ್ದರೆ ಸಾಲದು, ಭವಿಷ್ಯವನ್ನೂ ಹೇಳಬೇಕು.

ಶಕುನಜ್ಞಾನವಂತೆ! ರೋಮಿನ ಶಕುನದವರು ಡೊಂಕು ಕೋಲು ಹಿಡಿದು, ಸೈಟು ಅಳೆದ ಹಾಗೆ ಆಕಾಶವನ್ನು ಭಾಗ ಮಾಡಿ, ಯಾವ ಹಕ್ಕಿ ಯಾವ ಕಡೆಯಿಂದ ಬಂತು ಅಂತ ನೋಡುತ್ತಿದ್ದರು. ಈ ವಿದ್ಯೆಯ ಅಸಲಿ ಉಪಯೋಗ ಗೊತ್ತಿದ್ದವನು ಬಿಬುಲಸ್. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್ ಜೊತೆ ಕಾನ್ಸುಲ್ ಆಗಿದ್ದ, ಅಂದರೆ ರೋಮನ್ನು ಆಳುವ ಇಬ್ಬರು ಮುಖ್ಯಾಧಿಕಾರಿಗಳಲ್ಲಿ ಒಬ್ಬ. ಸೀಸರನ ಕಡೆಯವರು ಅವನನ್ನು ಹೊಡೆದೋಡಿಸಿದರು, ತಲೆ ಮೇಲೆ ಸಗಣಿ ಸುರಿದರು ಅಂತಲೂ ಹೇಳುತ್ತಾರೆ. ಆಮೇಲೆ ಆತ ಮನೆಯಲ್ಲೇ ಕೂತು, ನಾನು ಆಕಾಶ ನೋಡುತ್ತಿದ್ದೇನೆ ಅಂತ ಪ್ರಕಟಣೆ ಹೊರಡಿಸತೊಡಗಿದ. ಕಾನ್ಸುಲ್ ಆಕಾಶ ನೋಡುತ್ತಿದ್ದರೆ ಜನಸಭೆ ನಡೆಸುವಂತಿರಲಿಲ್ಲ. ವರ್ಷದ ಬಹುಪಾಲು ಇದೇ ಕೆಲಸ! ಸೀಸರ್ ಕ್ಯಾರೇ ಅನ್ನದೆ ಕಾನೂನು ಪಾಸು ಮಾಡಿಕೊಂಡ, ಅದು ಬೇರೆ ವಿಷಯ. ಆದರೂ ಇದಕ್ಕಿಂತ ಭವ್ಯವಾದ ರಜಾ ಅರ್ಜಿ ಇದೆಯಾ, ಹೇಳಿ.

ಈಗಿನ ಇರಾಕ್ ಕಡೆಯ ಪ್ರಾಚೀನ ನಾಡು ಮೆಸೊಪೊಟೇಮಿಯಾಕ್ಕೆ ಬಂದರೆ ನಗು ನಿಲ್ಲುತ್ತದೆ. ಗ್ರಹಣದಿಂದ ರಾಜನಿಗೆ ಕಂಟಕ ಅಂತ ಪಂಡಿತರು ಹೇಳಿದರೆ, ಕೈದಿಯನ್ನೋ ಯಾವನೋ ಬಡಪಾಯಿಯನ್ನೋ ತಂದು ಸಿಂಹಾಸನದ ಮೇಲೆ ಕೂರಿಸುತ್ತಿದ್ದರು. ಕೆಲವು ದಿನ ರಾಜಭೋಗ. ಆಮೇಲೆ ಕೊಂದುಬಿಡುತ್ತಿದ್ದರು. ಕಂಟಕ ಕಳೆಯಿತು, ರಾಜ ವಾಪಸ್. ಇದನ್ನು ಫಲಕದಲ್ಲಿ ಯಾಕೆ ಬರೆಯುವುದಿಲ್ಲ? ಆಕಾಶ ಓದಿದವನು ಅರಮನೆಯ ಪಂಡಿತ, ಬದುಕಿದವನು ರಾಜ, ಸತ್ತವನಿಗೆ ಕೇಳೋರಿಲ್ಲ. ಪುರಾತನ ಜ್ಞಾನ ಅಂತ ಕಣ್ಣು ಅರೆಮುಚ್ಚಿ ಮೆತ್ತಗೆ ಹೇಳೋದನ್ನು ಕೇಳಿ ಕೇಳಿ ಸಾಕಾಗಿದೆ.

ಇಸಿನ್ ಎಂಬ ರಾಜ್ಯದ ದೊರೆ ಎರ್ರಾ-ಇಮಿತ್ತಿಯೂ ಹೀಗೇ ತನ್ನ ಬದಲಿಗೆ ತೋಟದ ಮಾಲಿ ಎನ್ಲಿಲ್-ಬಾನಿಯನ್ನು ಕೂರಿಸಿದನಂತೆ. ಅಷ್ಟರಲ್ಲಿ ಬಿಸಿ ಗಂಜಿ ಹೀರುತ್ತಾ ದೊರೆಯೇ ಸತ್ತ ಅನ್ನುತ್ತದೆ ಬ್ಯಾಬಿಲೋನಿನ ಹಳೆಯ ದಾಖಲೆ. ಮಾಲಿ ಕುರ್ಚಿ ಬಿಟ್ಟು ಏಳಲಿಲ್ಲ. 20ಕ್ಕೂ ಜಾಸ್ತಿ ವರ್ಷ ಆಳಿದ.