ವಿಂಕಿಯ ಕಾಲಿನಲ್ಲಿ ಚೀಟಿ ಇರಲಿಲ್ಲ

ಬೆಳಗ್ಗೆಯಿಂದ ಒಂದರ ಹಿಂದೊಂದು ಗುಂಪಿನಲ್ಲಿ ಅದೇ ವಿಡಿಯೊ. ಹಿನ್ನೆಲೆಯಲ್ಲಿ ಪಿಟೀಲು, ಕಡಲ ಮೇಲೆ ಹಾರುವ ಪಾರಿವಾಳ. ಪೈಲಟ್ ಬರೆದ ಚೀಟಿಯನ್ನು ತಲುಪಿಸಿ ನಾಲ್ವರ ಪ್ರಾಣ ಉಳಿಸಿದ ‘ವಿಂಕಿ’ ಎಂಬ ದೊಡ್ಡ ಅಕ್ಷರಗಳು. ಚೀಟಿ ಇರಲೇ ಇಲ್ಲ! ಈ ಕಥೆಯ ಜೀವ ಇರುವುದೇ ಅಲ್ಲಿ. ಅದನ್ನೇ ಕಿತ್ತು ಎಸೆದಿದ್ದಾರೆ.

1942ರ ಫೆಬ್ರುವರಿ 23, ಎರಡನೆಯ ಮಹಾಯುದ್ಧದ ಕಾಲ. ನಾರ್ವೆ ಕಡೆಯಿಂದ ಸ್ಕಾಟ್ಲೆಂಡಿಗೆ ಮರಳುತ್ತಿದ್ದ ಬ್ರಿಟನ್ನಿನ ಬ್ಯೂಫೋರ್ಟ್ ಬಾಂಬರ್ ವಿಮಾನ ಹಾನಿಗೊಂಡು ಉತ್ತರ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ನಾಲ್ವರು ರಬ್ಬರ್ ದೋಣಿ ಹತ್ತಿದರು. ಫೆಬ್ರುವರಿಯಲ್ಲಿ ಆ ನೀರಿಗೆ ಬಿದ್ದವನು ಹೆಚ್ಚು ಹೊತ್ತು ಬದುಕುವುದಿಲ್ಲ. ದೋಣಿಯೊಳಗಿದ್ದರೂ ಒದ್ದೆ ಬಟ್ಟೆ, ಕೊರೆಯುವ ಗಾಳಿ. ತಾವು ಬಿದ್ದ ಜಾಗವನ್ನು ವೈರ್‌ಲೆಸ್‌ನಲ್ಲಿ ಖಚಿತವಾಗಿ ತಿಳಿಸಲು ಅವರಿಗೆ ಆಗಿರಲಿಲ್ಲ. ತುರ್ತಿಗೆಂದು ವಿಮಾನದಲ್ಲಿ ಒಯ್ದಿದ್ದ ಪಾರಿವಾಳ ವಿಂಕಿ ಸುಮಾರು 120 ಮೈಲಿ ಹಾರಿ ಸ್ಕಾಟ್ಲೆಂಡಿನ ಡಂಡೀ ಬಳಿಯ ಬ್ರಾಟಿ ಫೆರಿಯಲ್ಲಿದ್ದ ತನ್ನ ಗೂಡು ಸೇರಿತು. ಮೈಗೆಲ್ಲ ಎಣ್ಣೆ ಮೆತ್ತಿತ್ತು, ಜೀವ ಸೋತು ಹೋಗಿತ್ತು.

ಅದನ್ನು ಸಾಕಿದ್ದ ಜಾರ್ಜ್ ರಾಸ್ ಅದರ ಅವಸ್ಥೆ ನೋಡಿದ ಕೂಡಲೇ ಲೂಕರ್ಸ್ ವಾಯುನೆಲೆಗೆ ಸುದ್ದಿ ಮುಟ್ಟಿಸಿದರು. ಹಕ್ಕಿಯ ಮೈ ಒರೆಸಿ, ಕಾಳು ಹಾಕಿ, ಪಾಪ ಎಂದು ಸುಮ್ಮನಾಗಲಿಲ್ಲ. ವಾಯುನೆಲೆಯವರು ಲೆಕ್ಕಕ್ಕೆ ಕೂತರು. ವಿಮಾನ ಬಿದ್ದ ಹೊತ್ತು, ಹಕ್ಕಿ ಗೂಡು ಸೇರಿದ ಹೊತ್ತು, ಗಾಳಿಯ ದಿಕ್ಕು. ಇಷ್ಟೇ ಆಗಿದ್ದರೆ ನನ್ನ ಒಂಬತ್ತನೇ ತರಗತಿಯ ಮಕ್ಕಳೂ ಮಾಡಿಯಾರು. ರೆಕ್ಕೆಗೆ ಮೆತ್ತಿದ ಎಣ್ಣೆ ಅದರ ವೇಗವನ್ನು ಎಷ್ಟು ತಗ್ಗಿಸಿರಬಹುದು ಎಂಬುದನ್ನೂ ಅವರು ಲೆಕ್ಕಕ್ಕೆ ಹಿಡಿದರು! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎಲ್ಲರ ಕಣ್ಣಿಗೂ ಕೊಳೆಯಾಗಿ ಕಂಡದ್ದು ಅವರಿಗೆ ಒಂದು ಅಂಕಿಯಾಗಿ ಕಂಡಿತು. ಹುಡುಕುವ ಜಾಗ ಕಿರಿದಾಯಿತು. ದೋಣಿ ಸಿಕ್ಕಿತು. ನಾಲ್ವರೂ ಉಳಿದರು.

ನನ್ನ ಕಸುಬು ಶಾಲೆಯಲ್ಲಿ ಪಾಠ ಹೇಳುವುದು. ಕಾಲ, ವೇಗ, ದೂರದ ಪಾಠ ಬಂದಾಗಲೆಲ್ಲ ‘ಇದರಿಂದ ಏನು ಉಪಯೋಗ ಸರ್?’ ಎಂದು ಯಾರಾದರೂ ಕೇಳುತ್ತಾರೆ. ಆ ಮಗುವಿಗೆ ಹೇಳಲು ನಾಲ್ಕು ಜೀವಗಳ ಉತ್ತರ ಇಲ್ಲಿತ್ತು. ವಿಡಿಯೊ ಮಾಡಿದವರು ಅದನ್ನು ತೆಗೆದು ಪಿಟೀಲು ತುಂಬಿದ್ದಾರೆ.

ಇಷ್ಟೊಂದು ಸಿಟ್ಟೇಕೆ ಎಂದರೆ, ನಾನು ಮೀನುಗಾರರ ಕೇರಿಯಲ್ಲಿ ಬೆಳೆದವನು. ಚಿಕ್ಕಪ್ಪನ ದೋಣಿ ಬಾರದ ರಾತ್ರಿ ಮನೆ ತುಂಬ ಜನ. ಎಲ್ಲರೂ ದೇವರ ಹೆಸರು ಹೇಳುವವರೇ. ಒಬ್ಬ ಮುದುಕರು ಮಾತ್ರ ಚಿಕ್ಕಮ್ಮನ ಎದುರು ಕುಳಿತು, ಎಷ್ಟು ಮಾರು ಆಳದಲ್ಲಿ ಬಲೆ ಹಾಕುತ್ತೇವೆಂದಿದ್ದರು, ಎಷ್ಟು ಡೀಸೆಲ್ ತುಂಬಿಸಿದ್ದರು, ಸಂಜೆ ಗಾಳಿ ತಿರುಗಿದ್ದು ಎಷ್ಟು ಹೊತ್ತಿಗೆ ಎಂದು ಒಂದೊಂದಾಗಿ ಕೇಳಿದರು. ಅಳುತ್ತಿದ್ದ ಚಿಕ್ಕಮ್ಮ ಅಳು ನಿಲ್ಲಿಸಿ ಉತ್ತರ ಹೇಳಿದರು. ಚಿಕ್ಕಪ್ಪ ಮರುದಿನ ಮನೆಗೆ ಬಂದರು. ಆ ಪ್ರಶ್ನೆಗಳಷ್ಟು ದೊಡ್ಡ ಕರುಣೆಯನ್ನು ನಾನು ಕಂಡಿಲ್ಲ.

‘ಪಾರಿವಾಳವೇ ಬಾರದಿದ್ದರೆ ಲೆಕ್ಕ ಎಲ್ಲಿಂದ ಬರುತ್ತಿತ್ತು?’ ಎಂದು ಗೆಳೆಯರೊಬ್ಬರು ಆಗಲೇ ಕೇಳಿದ್ದಾರೆ. ನಿಜ, ಬರುತ್ತಿರಲಿಲ್ಲ. ವಿಂಕಿಯ ಹಿರಿಮೆಯನ್ನು ಅಲ್ಲಗಳೆದವರು ಯಾರು? 1943ರ ಡಿಸೆಂಬರಿನಲ್ಲಿ, ಯುದ್ಧದಲ್ಲಿ ನೆರವಾದ ಪ್ರಾಣಿಗಳಿಗೆ ಕೊಡುವ ಡಿಕಿನ್ ಪದಕವನ್ನು ಮೊಟ್ಟಮೊದಲು ಪಡೆದ ಮೂರು ಪಾರಿವಾಳಗಳಲ್ಲಿ ಅದೂ ಒಂದು. ಬದುಕಿ ಬಂದ ವಿಮಾನದವರು ಅದರ ಗೌರವಕ್ಕೆಂದೇ ಔತಣ ಏರ್ಪಡಿಸಿದರು. ಸಲ್ಲಬೇಕಾದದ್ದು ಸಂದಿದೆ. ಆದರೆ ಹಕ್ಕಿ ಬಂದರೆ ಸಾಕೇ? ಬಂದ ಹಕ್ಕಿಯನ್ನು ನೋಡಿ ಇದು ಏನು ಹೇಳುತ್ತಿದೆ ಎಂದು ಕೇಳಿದವರು ಇಲ್ಲದಿದ್ದರೆ ಆ ನಾಲ್ವರು ದೋಣಿಯಲ್ಲೇ ಮರಗಟ್ಟಿ ಹೋಗುತ್ತಿದ್ದರು.

ಆ ಯುದ್ಧದಲ್ಲಿ ಹೀಗೆ ಕಡಲಿಗೆ ಬಿದ್ದು ಬದುಕಿದ ಬೇರೆ ವಿಮಾನಗಳವರೂ ಇಂಥ ಋಣವನ್ನು ಮರೆಯುತ್ತಿರಲಿಲ್ಲ. ಅವರು ರಬ್ಬರ್ ದೋಣಿ ತಯಾರಿಸುವ ಕಂಪನಿಗೆ ಹೋಗಿ ತಮ್ಮ ಅನುಭವ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿಯೇ ಅಲ್ಲಿನ ಮುಖ್ಯ ನಕ್ಷೆಗಾರ ರಾಬರ್ಟ್‌ಸನ್ 1942ರ ನವೆಂಬರಿನಲ್ಲಿ ಅಂಥವರಿಗಾಗಿ ‘ಗೋಲ್ಡ್‌ಫಿಶ್ ಕ್ಲಬ್’ ಎಂಬ ಸಂಘ ಕಟ್ಟಿದರು. ಯುದ್ಧ ಮುಗಿಯುವ ಹೊತ್ತಿಗೆ ಅದರಲ್ಲಿ ಸುಮಾರು 9,000 ಸದಸ್ಯರಿದ್ದರು. ಒಬ್ಬೊಬ್ಬರ ಹಿಂದೆಯೂ ದೋಣಿ ಹೊಲಿದವರು, ಸಂಕೇತ ಕೇಳಿಸಿಕೊಂಡವರು, ನಕ್ಷೆಯ ಮೇಲೆ ಗೆರೆ ಎಳೆದವರು ಇದ್ದರು.

ವಿಡಿಯೊ ಹಂಚುವವರು ಹಂಚಿ. ಜೊತೆಗೆ ಎರಡು ಸಾಲು ಸೇರಿಸಿ: ಚೀಟಿ ಇರಲಿಲ್ಲ ಎಂದು ಒಂದು, ಸುದ್ದಿ ಮುಟ್ಟಿಸಿದವರು ಜಾರ್ಜ್ ರಾಸ್, ಜಾಗ ಗುರುತಿಸಿದವರು ಲೂಕರ್ಸ್ ವಾಯುನೆಲೆಯವರು ಎಂದು ಇನ್ನೊಂದು. ಸೋಮವಾರ ತರಗತಿಯಲ್ಲಿ ಇದೇ ಲೆಕ್ಕವನ್ನು ಕೊಡುತ್ತೇನೆ, ಎಣ್ಣೆಯನ್ನೂ ಸೇರಿಸಿ.