ನೀರೊಳಗಿನ ಎಮ್ಮೆ, ಆರೋಗ್ಯ ಶೇ 94

‘ಬ್ಯಾಟರಿ ಕಂಡೀಷನ್ ಸೂಪರ್.’ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಿನ ಜಾಹೀರಾತಿಗೆ ಈಗ ಇದೇ ಮಂಗಳಶ್ಲೋಕ. ಸೀಟ್ ಕವರಿನ ಬಣ್ಣ, ಟೈರಿನ ಸವೆತ, ಎಡಬಾಗಿಲಿನ ಗೀರು, ಎಲ್ಲಕ್ಕೂ ಫೋಟೊ ಉಂಟು. ಇಡೀ ಕಾರಿನಲ್ಲಿ ಅತಿ ದುಬಾರಿ ಭಾಗ ಯಾವುದೋ ಅದಕ್ಕೆ ಮಾತ್ರ ಒಂದು ವಿಶೇಷಣ. ಸೂಪರ್. ಸ್ವಲ್ಪ ಉದಾರಿಗಳಾದರೆ ‘ಹೆಲ್ತ್ ಶೇ 94’ ಎನ್ನುತ್ತಾರೆ, ಅಂದರೆ ಹೊಸದರಲ್ಲಿದ್ದ ಸಾಮರ್ಥ್ಯದಲ್ಲಿ ಇನ್ನೂ ಉಳಿದಿರುವ ಪಾಲು. ಯಾರು ಅಳೆದರು, ಯಾವಾಗ ಅಳೆದರು, ಯಾವುದರಲ್ಲಿ ಅಳೆದರು ಎಂದು ಕೇಳುವುದು ಸಭ್ಯಸ್ಥರ ಲಕ್ಷಣವಲ್ಲ. ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಿದಂತೆ ಎನ್ನುವ ಗಾದೆ ಹಳೆಯದಾಯಿತು. ಆ ಎಮ್ಮೆಗೆ ಕೊಂಬಾದರೂ ಕಾಣುತ್ತಿತ್ತು.

ಅನುಮಾನವಿದ್ದರೆ ಚಾರ್ಜ್ ಮೀಟರ್ ನೋಡಿ ಎನ್ನುತ್ತಾರೆ. ನೋಡಿದರೆ ಶೇ 100. ಸುಳ್ಳಲ್ಲ. ಅದು ಉಳಿದಿರುವುದರ ನೂರು. ಕೊಡ ಸವೆದು ಚೊಂಬಾಗಿದ್ದರೂ ಕಂಠಪೂರ್ತಿ ತುಂಬಿದೆ ಎಂದೇ ಹೇಳುವ ಮೀಟರ್ ಅದು. ಪಕ್ಕದಲ್ಲಿ ‘ಇನ್ನು 310 ಕಿ.ಮೀ.’ ಎಂಬ ಇನ್ನೊಂದು ಅಂಕಿ ಹೊಳೆಯುತ್ತಿರುತ್ತದೆ. ಅದು ಅಳತೆಯಲ್ಲ, ಕಣಿ. ಕಾರು ಇತ್ತೀಚೆಗೆ ಎಷ್ಟು ಕರೆಂಟ್ ಕುಡಿಯಿತು ಎಂಬುದರ ಮೇಲೆ ಹೇಳುವ ಕಣಿ. ಗಿರಾಕಿ ಬರುವ ಹಿಂದಿನ ನಾಲ್ಕು ದಿನ ಎಸಿ ಆರಿಸಿ, 40ರ ವೇಗ ದಾಟದೆ, ಮದುವೆ ಮೆರವಣಿಗೆಯಂತೆ ಓಡಿಸಿದರೆ ಮುದಿ ಬ್ಯಾಟರಿಯೂ ಕುಮಾರನಂತೆ ಕಿಲೋಮೀಟರ್ ಹೇಳುತ್ತದೆ.

ನಿಸ್ಸಾನ್ ಕಂಪನಿಯವರು ಮಾತ್ರ ಪ್ರಾಮಾಣಿಕರು, ತಮ್ಮ ಲೀಫ್ ಕಾರಿನಲ್ಲಿ ಆರೋಗ್ಯಕ್ಕೆಂದೇ ಬೇರೆ ಪಟ್ಟಿ ಕೊಟ್ಟರು. ಒಟ್ಟು 12 ಗೆರೆ. ಒಂದು ಗೆರೆ ಎಂದರೆ ಶೇ 8 ಚಿಲ್ಲರೆ ಎಂದು ನೀವು ಭಾಗಾಕಾರ ಮಾಡಿಕೊಂಡರೆ ಅದು ನಿಮ್ಮ ಮುಗ್ಧತೆ. ಮೊದಲ ಗೆರೆ ಮಾಯವಾಗಲು ಸುಮಾರು ಶೇ 15 ಸವೆಯಬೇಕು, ಆಮೇಲಿನವು ಆರು ಚಿಲ್ಲರೆಗೊಂದು. ಅಂದರೆ ‘ಫುಲ್ 12 ಬಾರ್’ ಎಂದು ಮಾರಿದ ಕಾರು ಶೇ 86ರಲ್ಲಿರಬಹುದು. ಇಷ್ಟೂ ಸಾಲದೆಂಬಂತೆ ಕೆಲವು ಬುದ್ಧಿವಂತರು ಬ್ಯಾಟರಿ ಕಾಯುವ ಕಂಪ್ಯೂಟರಿನ, ಅಂದರೆ ಬಿಎಂಎಸ್‌ನ, ನೆನಪನ್ನೇ ಅಳಿಸಿಬಿಡುತ್ತಾರೆ. ಮರೆವು ಬಂದ ಬಿಎಂಎಸ್ ತಾನಿನ್ನೂ ಹೊಸತು ಎಂದುಕೊಂಡು 12 ಗೆರೆ ಬೆಳಗಿಸುತ್ತದೆ. ಕೆಲವು ವಾರ ಓಡಿಸಿದ ಮೇಲೆ ನಿಜ ನೆನಪಾಗಿ ಗೆರೆಗಳು ಒಂದೊಂದೇ ಆರುತ್ತವೆ. ಅಷ್ಟರಲ್ಲಿ ಮಾರಿದವರ ಫೋನೂ ಆರಿರುತ್ತದೆ.

ಸ್ಟೀರಿಂಗ್ ಕೆಳಗೆ ಒಬಿಡಿ ಕಿಂಡಿಯೊಂದಿದೆ, ಮೆಕ್ಯಾನಿಕ್ಕುಗಳು ಕಾರಿನ ಕಂಪ್ಯೂಟರನ್ನು ಓದುವ ಜಾಗ. ಅಂಗೈಯಷ್ಟೂ ಇಲ್ಲದ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಆ ಮಾಡೆಲ್ಲಿಗೆ ಹೊಂದುವ ಆ್ಯಪ್ ತೆರೆದರೆ ಅನೇಕ ಕಾರುಗಳು ಬಾಯಿ ಬಿಡುತ್ತವೆ. ಜನ ಮೊದಲು ಹುಡುಕುವುದು ಆರೋಗ್ಯದ ಶೇಕಡಾ. ಅದಕ್ಕಿಂತ ಮೊದಲು ನೋಡಬೇಕಾದ್ದು ಸೆಲ್ಲುಗಳ ವೋಲ್ಟೇಜ್: ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನಡುವಿನ ಅಂತರ. 400 ವೋಲ್ಟಿನ ಬಹಳಷ್ಟು ಕಾರುಗಳಲ್ಲಿ ಸುಮಾರು 96 ಸೆಲ್ ಗುಂಪುಗಳು ಸರಣಿಯಲ್ಲಿ ಕೂತಿರುತ್ತವೆ. ಅವುಗಳಲ್ಲಿ ಒಂದು ಸುಸ್ತಾಗಿ ಕೆಳಮಿತಿ ಮುಟ್ಟಿದರೆ ಉಳಿದ 95ರಲ್ಲಿ ಎಷ್ಟೇ ಶಕ್ತಿಯಿದ್ದರೂ ಬಿಎಂಎಸ್ ಆಟ ಮುಗಿಸುತ್ತದೆ. ಕಾರು ನಿಂತಾಗ 10–20 ಮಿಲಿವೋಲ್ಟ್ ಅಂತರವಿದ್ದರೆ ಚಿಂತೆಯಿಲ್ಲ. ಆದರೆ ಮಾರುವವರು ತೋರಿಸುವುದು ಯಾವಾಗಲೂ ತುಂಬಿ ನಿಂತ ಕಾರನ್ನೇ, ಆಗ ಎಲ್ಲ ಸೆಲ್ಲೂ ಸಾಧು. ಚಾರ್ಜ್ ಶೇ 20ಕ್ಕಿಂತ ಕೆಳಗಿಳಿದ ಮೇಲೆ ಏರಿನಲ್ಲಿ ಜೋರಾಗಿ ತುಳಿದು ನೋಡಿ. ಒಂದೇ ಸೆಲ್ ಗುಂಪು ಉಳಿದವುಗಳಿಂದ ನೂರು ಮಿಲಿವೋಲ್ಟ್‌ಗೂ ಹೆಚ್ಚು ಕೆಳಗೆ ಜಾರಿದರೆ ಆ ಕಾರಿನ ಬಗ್ಗೆ ಇನ್ನು ಚೌಕಾಸಿ ಬೇಡ, ನಮಸ್ಕಾರ ಸಾಕು. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಬ್ಯಾಟರಿಯಾದರೆ ಇನ್ನೂ ಜಾಣತನ ಬೇಕು. ಅದರ ವೋಲ್ಟೇಜ್ ರೇಖೆ ನಡುಭಾಗದಲ್ಲಿ ಮೇಜಿನಷ್ಟು ಸಪಾಟು, ಶೇ 50ರಲ್ಲಿ ಇಣುಕಿದರೆ ಏನೂ ತಿಳಿಯದು.

ಡಾಂಗಲ್ ತೋರಿಸುವ ಆರೋಗ್ಯವೂ ಬಿಎಂಎಸ್‌ನ ಅಂದಾಜೇ ಆದ್ದರಿಂದ ಒಂದು ಲೆಕ್ಕ ನೀವೇ ಮಾಡಬೇಕು. ಶೇ 90ರಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮಧ್ಯೆ ಹೆಚ್ಚು ನಿಲ್ಲಿಸದೆ ಶೇ 20ಕ್ಕೆ ಇಳಿಯುವವರೆಗೆ ಓಡಿಸಿ. ಅದರಲ್ಲಿ ಕಾಣುವ ಖರ್ಚಾದ ಕರೆಂಟ್ 21 ಯೂನಿಟ್ ಎನ್ನಿ. 21ನ್ನು 0.70ರಿಂದ ಭಾಗಿಸಿದರೆ 30. ಹೊಸದರಲ್ಲಿ ಬಳಕೆಗೆ ಸಿಗುತ್ತಿದ್ದುದು 40 ಆಗಿದ್ದರೆ ಉಳಿದಿರುವುದು ಶೇ 75. ಕಡುಚಳಿಯಲ್ಲಿ ಮಾಡಿದರೆ ಪಾಪದ ಬ್ಯಾಟರಿಗೆ ಅನ್ಯಾಯವಾಗುತ್ತದೆ, ಹದವಾದ ಹವೆಯಲ್ಲಿ ಮಾಡಿ. ಗೋಡೆಯ ಮೀಟರ್ ನೋಡಿ ಲೆಕ್ಕ ಹಾಕಬೇಡಿ, ಮನೆಯ ಎಸಿ ಕರೆಂಟಿನ ಚಾರ್ಜಿಂಗಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ದಾರಿಯಲ್ಲೇ ಬಿಸಿಯಾಗಿ ಹೋಗಿರುತ್ತದೆ. ಎರಡು ಮೂರು ಗಂಟೆಯ ಕೆಲಸ. ಮಾರುವವರು ಕೊಡುವುದು ಹತ್ತು ನಿಮಿಷ, ಬೀದಿ ಕೊನೆಯವರೆಗೆ ಹೋಗಿ ಬರಲು.

‘ಕಡಿಮೆ ಓಡಿದೆ’ ಎಂಬುದೂ ಒಂದು ಹೆಗ್ಗಳಿಕೆ. ಪೆಟ್ರೋಲ್ ಕಾಲದ ಬುದ್ಧಿ. ಲಿಥಿಯಂ ಸೆಲ್ ಓಡಿದರೂ ಸವೆಯುತ್ತದೆ, ಕೂತರೂ ಸವೆಯುತ್ತದೆ. ಶೇ 100 ತುಂಬಿಸಿಕೊಂಡು ಬಿಸಿಲಲ್ಲಿ ವರ್ಷಗಟ್ಟಲೆ ಕೂತದ್ದಕ್ಕಿಂತ ದಿನಾ ಶೇ 30ರಿಂದ 70ರ ನಡುವೆ ದುಡಿದದ್ದು ಗಟ್ಟಿಯಾಗಿರಬಹುದು. ಷೋಕೇಸಿನಲ್ಲಿಟ್ಟು ಪೂಜಿಸಿದ ಕಾರು ಎಂದರೆ ಹೆದರಿ.

ಇನ್ನು ಚಿಕ್ಕ ಬ್ಯಾಟರಿಯ ಪುರಾಣ. ಅಡಿಯಲ್ಲಿ ನಾನೂರು ವೋಲ್ಟಿನ, ಕಾಲು ಟನ್ನಿಗೂ ಮೀರಿದ ಗಜರಾಜ ಮಲಗಿದ್ದಾನೆ. ಅವನು ಏಳಬೇಕಾದರೆ ಒಂದು ಮೂಲೆಯಲ್ಲಿರುವ 12 ವೋಲ್ಟಿನ ಡಬ್ಬಿ ಬಂದು ಬಾಗಿಲು ತೆಗೆಯಬೇಕು. ದೊಡ್ಡ ಬ್ಯಾಟರಿಯನ್ನು ಕಾರಿಗೆ ಸೇರಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚುಗಳು ಕೂಡಿಕೊಳ್ಳುವುದು ಆ 12 ವೋಲ್ಟಿನಿಂದ. ಡಬ್ಬಿ ಸತ್ತರೆ ಗಜರಾಜ ಶೇ 100 ತುಂಬಿಕೊಂಡೇ ಗೊರಕೆ ಹೊಡೆಯುತ್ತಾನೆ. ಡಬ್ಬಿ ಸಾಯುವ ಹಂತದಲ್ಲಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಸಂಬಂಧವಿಲ್ಲದ ಎಚ್ಚರಿಕೆ ದೀಪಗಳೆಲ್ಲ ದೀಪಾವಳಿ ಮಾಡುತ್ತವೆ, ಗಿರಾಕಿ ಒಳ್ಳೆಯ ಕಾರನ್ನು ಬಿಟ್ಟು ಓಡುತ್ತಾನೆ. ಇದನ್ನು ಕಲಿತ ದಲ್ಲಾಳಿ ದೊಡ್ಡ ಬ್ಯಾಟರಿ ನಿಜಕ್ಕೂ ಕೈಕೊಟ್ಟಾಗಲೂ ‘ಅದು ಚಿಕ್ಕ ಬ್ಯಾಟರಿ ಸಾರ್’ ಎಂದು ನಗುತ್ತಾನೆ. ಒಂದು ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಸೀಸದ ಬ್ಯಾಟರಿಯಲ್ಲಿ 12.5 ವೋಲ್ಟಿನ ಆಸುಪಾಸು ಇರಬೇಕು, ಕಾರು ಚಾಲೂ ಆದ ಮೇಲೆ ಸಾಮಾನ್ಯವಾಗಿ 13.5 ದಾಟಬೇಕು. ಅದು ಸರಿಯಿದ್ದೂ ದೀಪ ಉರಿದರೆ ದಲ್ಲಾಳಿಯ ನಗು ನಂಬಬೇಡಿ.

ಬ್ಯಾಟರಿಯೇ ಇಲ್ಲದ ಕಾರು ಮಾರಿದ ಇತಿಹಾಸವೂ ಇದೆ. ಯುರೋಪಿನಲ್ಲಿ ರೆನೋ ಜೋಯಿಯ ಆರಂಭದ ಕಾರುಗಳಲ್ಲಿ ಬಹಳಷ್ಟರ ಲೆಕ್ಕ ಹೀಗಿತ್ತು: ಕಾರು ನಿಮ್ಮದು, ಬ್ಯಾಟರಿ ಮಾತ್ರ ತಿಂಗಳ ಬಾಡಿಗೆಯದು. ಎರಡನೇ ಮಾಲೀಕ ಕಾರಿನ ಜೊತೆ ಬಾಡಿಗೆ ಕರಾರನ್ನೂ ಮದುವೆಯಾಗಬೇಕಿತ್ತು. ಅಗ್ಗ ಎಂದು ಹಿಗ್ಗಿದವರಿಗೆ ಆಮೇಲೆ ಬಿಲ್ಲು.

ವಾರಂಟಿ ಇದೆಯಲ್ಲ! ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಬಹುತೇಕ ಕಂಪನಿಗಳಲ್ಲಿ ಮಿತಿ ಶೇ 70, ಆರೋಗ್ಯ ಅದಕ್ಕಿಂತ ಇಳಿದರೆ ಮಾತ್ರ ವಾರಂಟಿ. ಎಂಟು ವರ್ಷದ ಲೆಕ್ಕ ಶುರುವಾಗುವುದು ಮೊದಲ ಮಾಲೀಕ ಕೀಲಿ ಪಡೆದ ದಿನದಿಂದ. ಶೇ 71 ಆದರೆ ನಿಮ್ಮ ಬ್ಯಾಟರಿ ‘ಆರೋಗ್ಯವಂತ’. ಶೇ 69 ಆದರೆ ಮೊದಲು ಅವರೇ ಅಳೆಯಬೇಕು, ಅವರ ಯಂತ್ರದಲ್ಲಿ, ಅವರಿಗೆ ಬಿಡುವಾದಾಗ. ವಾರಂಟಿ ಮುಗಿದ ಮೇಲೆ ಒಂದು ಮಾಡ್ಯೂಲ್, ಅಂದರೆ ಸೆಲ್ಲುಗಳ ಒಂದು ಕಟ್ಟು, ಕೆಟ್ಟರೂ ಇಡೀ ಪ್ಯಾಕ್ ಬದಲಿಸಿ ಎನ್ನುವವರೇ ಹೆಚ್ಚು.

ಇಲ್ಲಿ ನಗು ಬರುವುದಿಲ್ಲ. ಆರೋಗ್ಯದ ಆ ಸಂಖ್ಯೆ ಕಾರಿನೊಳಗೆ ಮೊದಲ ದಿನದಿಂದಲೂ ಇದೆ. ಪ್ರತಿ ಸೆಲ್ಲಿನ ವೋಲ್ಟೇಜ್ ಬಿಎಂಎಸ್‌ಗೆ ಗೊತ್ತು, ತಯಾರಿಸಿದವರಿಗೆ ಗೊತ್ತು. ಹಣ ಕೊಡುವವನೊಬ್ಬನಿಗೆ ಗೊತ್ತಿಲ್ಲ. ಪರದೆಯ ಮೇಲೆ ವಿಡಿಯೊ ಓಡುತ್ತದೆ, ಆಟ ಆಡಬಹುದು, ಆರೋಗ್ಯದ ಎರಡು ಅಂಕಿ ತೋರಿಸಲು ಮಾತ್ರ ಕಾನೂನೇ ಬರಬೇಕಾಯಿತು. ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ನಿಯಮ 2026ರ ಮಾಡೆಲ್‌ನಿಂದ ಎಂದಿತ್ತು. ಯುರೋಪಿನ ಬ್ಯಾಟರಿ ಪಾಸ್‌ಪೋರ್ಟ್, ಅಂದರೆ ಬ್ಯಾಟರಿಯ ಡಿಜಿಟಲ್ ಜಾತಕ, 2027ರ ಫೆಬ್ರುವರಿಯಿಂದ. ಎರಡೂ ಹೊಸ ಕಾರಿಗೆ. ಈಗ ಕೈಬದಲಾಗುತ್ತಿರುವ ಹಳೆಯ ಕಾರುಗಳಿಗೆ ಮತ್ತದೇ ‘ಸೂಪರ್’.

ರೀಕಾಲ್ ಇತಿಹಾಸವನ್ನು, ಅಂದರೆ ದೋಷಕ್ಕಾಗಿ ಕಂಪನಿ ಕಾರನ್ನು ವಾಪಸ್ ಕರೆದ ಕತೆಯನ್ನು, ಯಾರೂ ತಾವಾಗಿ ಹೇಳುವುದಿಲ್ಲ, ಷಾಸಿ ನಂಬರ್ ಹಾಕಿ ನೀವೇ ನೋಡಬೇಕು. 2021ರಲ್ಲಿ ಷೆವರ್ಲೆ ಬೋಲ್ಟ್ ಮಾಲೀಕರಿಗೆ ಕಂಪನಿ ಕೊಟ್ಟ ಸಲಹೆ: ಬಯಲಲ್ಲೇ ನಿಲ್ಲಿಸಿ, ಬೇರೆ ವಾಹನಗಳಿಂದ 50 ಅಡಿ ದೂರ. ಆನೋಡ್ ಎಂಬ ಋಣ ಧ್ರುವದ ಹರಿದ ಪಟ್ಟಿ, ಎರಡು ಧ್ರುವಗಳನ್ನು ಬೇರೆಯಿಡುವ ಸೆಪರೇಟರ್ ಪದರದ ಮಡಿಕೆ, ಎರಡೂ ಒಂದೇ ಸೆಲ್ಲಿನಲ್ಲಿ ಸೇರಿದರೆ ಬೆಂಕಿಯ ಅಪಾಯ. ಆಮೇಲೆ ಅನೇಕ ಕಾರುಗಳಿಗೆ ಹೊಸ ಬ್ಯಾಟರಿ ಬಂತು, ಕೆಲವಕ್ಕೆ ಕಣ್ಣಿಡುವ ಸಾಫ್ಟ್‌ವೇರ್ ಮಾತ್ರ. ಹೊಸ ಪ್ಯಾಕ್ ಬಿದ್ದ ಹಳೆ ಬೋಲ್ಟ್ ಒಳ್ಳೆಯ ಮಾಲು. ಆದರೆ ಬದಲಿಸಿದ ಕಾಗದ ಎಲ್ಲಿ?

ಕೇಳಿದರೆ ಕಾಗದ ಊರಿನಲ್ಲಿದೆ. ಡಾಂಗಲ್ ಸಿಕ್ಕಿಸಿದರೆ ವಾರಂಟಿ ಹೋಗುತ್ತದಂತೆ. ಬಗ್ಗಿ ಅಡಿಯ ತಟ್ಟೆಯಲ್ಲಿ ತಗ್ಗು, ಕೂಲೆಂಟ್ ಸೋರಿದ ಕಲೆ, ನೀರು ನಿಂತ ಗುರುತು ಹುಡುಕಲು ಹೋದರೆ ಬಟ್ಟೆ ಕೊಳೆಯಾಗುತ್ತದೆ ಎಂದು ಅವರಿಗೇ ಕಳವಳ. ನೀವು ಎದ್ದು ನಿಲ್ಲುವಷ್ಟರಲ್ಲಿ ಬಾಗಿಲು ತೆಗೆದು ಹಾರ್ನ್ ಹೊಡೆದು ತೋರಿಸುತ್ತಾರೆ. ಹಾರ್ನ್ ನಿಜಕ್ಕೂ ಜೋರಾಗಿದೆ. ಅದು ಚಿಕ್ಕ ಬ್ಯಾಟರಿಯದ್ದು.