ದಂಟಿನ ಸೊಪ್ಪಿನ ಹುಳಿ ತಿಂದು ಕೊಲೊನೋಸ್ಕೋಪಿಗೆ ಬರಬೇಡಿ

ಕೊಲೊನೋಸ್ಕೋಪಿ ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ. ಇವತ್ತೂ ಒಬ್ಬರದನ್ನು ಅರ್ಧಕ್ಕೇ ನಿಲ್ಲಿಸಿ ವಾಪಸ್ ಕಳಿಸಿದ್ದಾಯ್ತು. "ನಾಳೆ ಇಡೀ ದಿನ ಉಪವಾಸ, ಪಾಪ" ಅಂತ ಮನೆಯವರು ರಾತ್ರಿ ಮುದ್ದೆ, ದಂಟಿನ ಸೊಪ್ಪಿನ ಹುಳಿ ಬಡಿಸಿದ್ದಾರೆ. ಪ್ರೀತಿಯೇನೋ ಸರಿ. ಆ ನಾರು ಕರುಳಿನ ಗೋಡೆಗೆ ಮೆತ್ತಿಕೊಂಡಿದ್ದರೆ ಅದರಡಿ 5 ಮಿಲಿಮೀಟರಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಗಂಟು) ಇದೆಯೋ ಇಲ್ಲವೋ ಯಾರಿಗೆ ಕಾಣಬೇಕು? ನೀರು ಹಾಯಿಸಿ ತೊಳೆಯೋಣ ಅಂದರೆ ಟೊಮೆಟೊ ಬೀಜ, ಸೀಬೆ ಬೀಜ ಹೋಗಿ ಸ್ಕೋಪಿನ ಹೀರುವ ಕೊಳವೆಯನ್ನೇ ಕಟ್ಟಿಸುತ್ತವೆ.

ಜನಕ್ಕೆ ಭಯವೆಲ್ಲ "ಪಾಲಿಪ್ ಕತ್ತರಿಸ್ತಾರಂತೆ" ಅನ್ನೋದರ ಮೇಲೆ. ಮಾರಾಯ್ರೇ, ಅದು ಸುಲಭದ ಭಾಗ! 10 ಮಿಲಿಮೀಟರಿಗಿಂತ ಚಿಕ್ಕದಾದರೆ ತಂತಿಯ ಕುಣಿಕೆ ಹಾಕಿ, ಕರೆಂಟ್ ಹಾಯಿಸದೆ, ಸುತ್ತಲಿನ ಸ್ವಲ್ಪ ಒಳಪೊರೆ ಸಮೇತ ಕತ್ತರಿಸಿ ತೆಗೆಯುತ್ತಾರೆ. ಒಳಪೊರೆಗೆ ಕತ್ತರಿಸಿದ ನೋವು ಗೊತ್ತಾಗಲ್ಲ. ದೊಡ್ಡದು, ಚಪ್ಪಟೆಯದು ಇದ್ದರೆ ಅಡಿಗೆ ದ್ರವ ಚುಚ್ಚಿ ಮೇಲೆತ್ತಿ ತೆಗೆಯುತ್ತಾರೆ, ರಕ್ತ ಬರಬಹುದು ಅನ್ನಿಸಿದರೆ ಲೋಹದ ಕ್ಲಿಪ್ ಹಾಕುತ್ತಾರೆ. ಕ್ಲಿಪ್ ತಾನಾಗಿ ಉದುರಿ ಹೋಗುತ್ತೆ. ಹುಡುಕಬೇಡಿ.

ಕಷ್ಟ ಇರೋದು ಹಿಂದಿನ ದಿನಗಳಲ್ಲಿ. ಎರಡು ದಿನ ಮೊದಲೇ ಸೊಪ್ಪು, ರಾಗಿ, ಕಾಳು, ಬೀಜದ ಹಣ್ಣು ಬಂದ್. ಬಿಳಿ ಅನ್ನ, ಇಡ್ಲಿ ಸಾಕು. ಹಿಂದಿನ ದಿನ ಆಸ್ಪತ್ರೆ ಹೇಳಿದ ಹೊತ್ತಿನಿಂದ ಎಳನೀರು, ಗಂಜಿ ತಿಳಿ, ಹಾಲಿಲ್ಲದ ಕಾಫಿಯಂಥ ತಿಳಿ ದ್ರವ ಮಾತ್ರ. ಬೀಟ್‌ರೂಟ್, ದಾಳಿಂಬೆ ರಸ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತೆ. ಭೇದಿ ಔಷಧಿ ಸಾಮಾನ್ಯವಾಗಿ 2 ಲೀಟರ್: ಅರ್ಧ ರಾತ್ರಿ, ಅರ್ಧ ಪರೀಕ್ಷೆಗೆ 4-6 ಗಂಟೆ ಮೊದಲು. ಬೆಳಗಿನ ಪಾಲು ತಪ್ಪಿಸಿದರೆ ರಾತ್ರಿಯೆಲ್ಲ ಇಳಿದ ಪಿತ್ತರಸ ಬಲಭಾಗದ ಕರುಳಿಗೆ ಅಂಟಿಕೊಳ್ಳುತ್ತೆ. ಚಪ್ಪಟೆ ಪಾಲಿಪ್‌ಗಳು ಅಡಗಿರೋದೂ ಹೆಚ್ಚಾಗಿ ಅಲ್ಲೇ. ಕೊನೆಗೆ ಹೋಗೋದು ಗೋಮೂತ್ರದಂತೆ ತಿಳಿ ಹಳದಿಯಾಗಿರಬೇಕು. ಉಪಮೆಗೆ ಕ್ಷಮೆಯಿರಲಿ, ಇದಕ್ಕಿಂತ ಸರಿಯಾದದ್ದು ಸಿಗಲಿಲ್ಲ.

"ಅಷ್ಟು ಕುಡಿಯೋಕಾಗಲ್ಲ, ವಾಂತಿ ಬರುತ್ತೆ" ಅಂತೀರಿ. ಒಪ್ಪಿದೆ, ರುಚಿ ಕೆಟ್ಟದ್ದೇ. ತಣ್ಣಗೆ ಮಾಡಿ, 15 ನಿಮಿಷಕ್ಕೊಂದು ಲೋಟ ಕುಡಿಯಿರಿ. ಕಿಡ್ನಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಮೊದಲೇ ಕೇಳಿ. ಉಳಿದವರ ನೆಪ ನನ್ನ ಹತ್ತಿರ ನಡೆಯಲ್ಲ.

ಇನ್ನು ಮಾತ್ರೆಗಳ ಗುಟ್ಟು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನೋದನ್ನು ಸ್ಕೋಪ್ ಒಳಗೆ ಹೋದ ಮೇಲೆ ಹೇಳಿದರೆ ದೊಡ್ಡ ಪಾಲಿಪ್ ಅಲ್ಲೇ ಬಿಟ್ಟು ಬರಬೇಕಾಗುತ್ತೆ. ಹಾಗಂತ ನೀವೇ ನಿಲ್ಲಿಸಲೂ ಬೇಡಿ, ಹೃದಯದ ಡಾಕ್ಟರ್ ಹೇಳಲಿ. ಕಬ್ಬಿಣದ ಮಾತ್ರೆಯನ್ನಂತೂ ವಾರ ಮೊದಲೇ ಬಿಡಿಸುತ್ತಾರೆ, ಇಲ್ಲದಿದ್ದರೆ ಒಳಗೆಲ್ಲ ಡಾಂಬರು.

ಮನೆಗೆ ಹೋದ ದಿನ ಗಾಡಿ ಓಡಿಸಬೇಡಿ. ಗ್ಯಾಸ್, ಒಂದೆರಡು ಹನಿ ರಕ್ತ ಸಹಜ. ರಕ್ತ ಗಡ್ಡೆಗಡ್ಡೆಯಾಗಿ ಬಂದರೆ, ಜ್ವರ ಬಂದರೆ, ಹೊಟ್ಟೆ ಕಲ್ಲಿನಂತಾಗಿ ನೋಯುತ್ತಿದ್ದರೆ ಓಂಕಾಳು ಕಷಾಯ ಕುಡಿದು ಮಲಗಬೇಡಿ, ತಕ್ಷಣ ಬನ್ನಿ. ರಕ್ತಸ್ರಾವ ಎರಡು ವಾರದವರೆಗೂ ಶುರುವಾಗಬಹುದು. ಬಯಾಪ್ಸಿ ರಿಪೋರ್ಟ್ ಮರೆಯದೆ ತಗೊಳ್ಳಿ, ಮುಂದಿನ ಪರೀಕ್ಷೆ 3 ವರ್ಷಕ್ಕೋ 7 ವರ್ಷಕ್ಕೋ ಅನ್ನೋದು ಪಾಲಿಪ್‌ನ ಜಾತಿ, ಗಾತ್ರ, ಸಂಖ್ಯೆಯ ಮೇಲೆ. ಕರುಳು ಸ್ವಚ್ಛ ಇರದಿದ್ದರೆ ಈ ಲೆಕ್ಕವೂ ಇಲ್ಲ, ವರ್ಷದೊಳಗೇ ಇನ್ನೊಮ್ಮೆ 2 ಲೀಟರ್.